ಟೋಪಿ ತೆಗೆಯುವಷ್ಟು ಹೊತ್ತು

ನಾನು ಡೋಲು ಬಾರಿಸಿದರೆ ಸೆರ್ರೊ ಗುಡ್ಡದ ಮೇಲಿನ ಹಳೇ ಕೋಟೆಯ ಕಲ್ಲುಗಳು ಜಾಗ ಬದಲಾಯಿಸುತ್ತಿದ್ದವು. ನದಿಯಾಚೆ ಬ್ಯೂನಸ್ ಐರಿಸ್‌ನಲ್ಲಿ ಮುದುಕಿಯರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು. ಬಂದರಿನಲ್ಲಿ ಒಂದು ಗ್ರೀಕ್ ಹಡಗು ನನ್ನ ಏಟಿಗೆ ಹೆದರಿ ಲಂಗರು ಕಿತ್ತುಕೊಂಡು ಹೋದದ್ದನ್ನು ಕಂಡವರು ಇನ್ನೂ ಇದ್ದಾರೆ. ಸುಳ್ಳು ಅನ್ನುವವರು ಅನ್ನಲಿ. ವಿಲ್ಮಾರ್ ಸುಳ್ಳು ಹೇಳುವವನಲ್ಲ, ಇದ್ದದ್ದಕ್ಕೆ ಒಂದು ಚಿಟಿಕೆ ಯೀಸ್ಟ್ ಹಾಕುತ್ತಾನೆ. ಹಾಕದೇ ಹೋದರೆ ಬ್ರೆಡ್ಡು ಉಬ್ಬುವುದು ಹೇಗೆ?

ನಮ್ಮ ಮುರ್ಗಾದ, ಅಂದರೆ ಕಾರ್ನಿವಲ್ ಹಾಡುಮೇಳದ, ಹೆಸರು ‘ಸೆರ್ರೊದ ನಿದ್ದೆಗೇಡಿಗಳು.’ ಹದಿನೇಳು ಗಂಡಸರು. ಮುಖದ ತುಂಬಾ ಬಣ್ಣ, ಮೈಮೇಲೆ ಸ್ಯಾಟಿನ್ ಕೋಟು, ತಲೆ ಮೇಲೆ ಹುಂಜವೂ ನಾಚುವಂಥ ಟೋಪಿ. ಕಾರ್ನಿವಲ್ ಬಂತೆಂದರೆ ಲಾರಿ ಹತ್ತಿ ಬಡಾವಣೆಯಿಂದ ಬಡಾವಣೆಗೆ ಹೋಗಿ, ಹಲಗೆ ವೇದಿಕೆಗಳ ಮೇಲೆ ನಿಂತು, ಕಳೆದ ವರ್ಷ ನಾಡಿನಲ್ಲಿ ನಡೆದದ್ದನ್ನೆಲ್ಲ ಹಾಡಿ ಲೇವಡಿ ಮಾಡಿ, ಕೊನೆಗೆ ಬೀಳ್ಕೊಡುಗೆ ಹಾಡು ಹಾಡುತ್ತಾ ಕೆಳಗಿಳಿದು ಜನರ ನಡುವೆಯೇ ನಡೆದು ಹೋಗುತ್ತೇವೆ. ಬೀಳ್ಕೊಡುಗೆ ಹಾಡಿನಲ್ಲಿ ಹೆಂಗಸರು ಅಳಬೇಕು. ಅಳದಿದ್ದರೆ ಆ ಮುರ್ಗಾ ಮನೆಗೆ ಹೋಗಿ ಆಲೂಗಡ್ಡೆ ಸುಲಿಯುವುದು ಒಳ್ಳೆಯದು. ಬ್ರೆಜಿಲ್‌ನವರ ಕಾರ್ನಿವಲ್ ಒಮ್ಮೆ ಸೀನಿದ ಹಾಗೆ, ಬಂತು ಹೋಯಿತು. ನಮ್ಮದು ನಲವತ್ತು ದಿನ. ಕೆಲವು ವರ್ಷ ನಾನೇ ಅದನ್ನು ಐವತ್ತು ಮಾಡಿದ್ದೇನೆ.

ಆದರೆ ಆ ಕಾಲದಲ್ಲಿ ಮೊಂತೆವಿದೆಯೊದಲ್ಲಿ ಸೀನುವುದಕ್ಕೂ ಮಿಲಿಟರಿಯವರನ್ನು ಕೇಳಬೇಕಿತ್ತು. ಮಗಳ ಹುಟ್ಟುಹಬ್ಬಕ್ಕೆ ನೆಂಟರನ್ನು ಕರೆದರೂ ಠಾಣೆಗೆ ಹೋಗಿ ಪರವಾನಗಿ ಬರೆಸಬೇಕು. ನಮ್ಮ ಬೆಕ್ಕು ಆರು ಮರಿ ಹಾಕಿದಾಗ ನಾನು ಅದಕ್ಕೂ ಅರ್ಜಿ ಕೊಟ್ಟೆ, ಅಷ್ಟು ಮಂದಿ ಒಂದೇ ಕಡೆ ಸೇರಿದ್ದರಲ್ಲ. ದೇಶದ ಪ್ರತಿಯೊಬ್ಬನಿಗೂ ಒಂದೊಂದು ಅಕ್ಷರ ಅಂಟಿಸಿದ್ದರು. ಎ ಅಂದರೆ ನಂಬಬಹುದು, ಬಿ ಅಂದರೆ ಕಣ್ಣಿಟ್ಟಿರಬೇಕು, ಸಿ ಅಂದರೆ ಸರ್ಕಾರಿ ಕೆಲಸದ ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು. ನಮಗೆ ಹಾಡು ಬರೆದುಕೊಡುತ್ತಿದ್ದ ದಾರ್ದೊ ಸಿ ಆಗಿದ್ದ. ಶಾಲೆಯ ಮೇಷ್ಟ್ರಾಗಿದ್ದವನು ಈಗ ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದ. ಅವನ ಬೆರಳುಗಳಿಂದ ಯಾವಾಗಲೂ ಸೀಮೆಎಣ್ಣೆ ವಾಸನೆ. ಅವನು ಬರೆದ ಹಾಡಿಗೆ ಬೆಂಕಿಕಡ್ಡಿ ತೋರಿಸಿದರೆ ಹತ್ತಿಕೊಳ್ಳುತ್ತಿತ್ತು, ನಾನೇ ನೋಡಿದ್ದೇನೆ.

ಹಾಡುಗಳನ್ನೆಲ್ಲ ಮೊದಲೇ ಬೆರಳಚ್ಚು ಮಾಡಿಸಿ ಪರವಾನಗಿ ಕಚೇರಿಗೆ ಕೊಡಬೇಕು. ಅಲ್ಲೊಬ್ಬ ಕ್ಯಾಪ್ಟನ್ ಕೂತು ಒಂದೊಂದು ಸಾಲನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿ, ಇಷ್ಟವಾಗದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಉಳಿದದ್ದಕ್ಕೆ ಸೀಲು ಒತ್ತುತ್ತಿದ್ದ. ಆ ವರ್ಷದ ಬೀಳ್ಕೊಡುಗೆ ಹಾಡು ಅವನ ಕೈಯಿಂದ ಗೀರು ಕೂಡ ಬೀಳದೆ ವಾಪಸ್ಸು ಬಂತು. ಅದರಲ್ಲೇನಿದೆ ಹೊಡೆದುಹಾಕೋಕೆ?

*ಬಡಗಿ ಹತ್ತಿದ, ಬೇಕರಿಯವ ಹತ್ತಿದ,*
*ಬಲೆ ಸುತ್ತಿಕೊಂಡು ಬೆಸ್ತ ಹತ್ತಿದ,*
*ಲಾರಿ ಹೊರಟಿತು, ದೀಪ ಉರಿಯಲಿ,*
*ನೋಡಿ ಗೆಳೆಯರೇ, ಯಾರಾದರೂ ಉಳಿದರೇ?*

ಲಾರಿ ಹತ್ತಿ ಮನೆಗೆ ಹೋಗುವ ಹಾಡು. ಮಕ್ಕಳಿಗೂ ಕಲಿಸಬಹುದು.

ಸೀಲು ಬಿದ್ದ ಮಾರನೇ ಭಾನುವಾರ ಕ್ಲಬ್ಬಿನ ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಿದ್ದೆವು. ಸುಡುತ್ತಿದ್ದವನು ನಾನೇ ಅಂತ ಬೇರೆ ಹೇಳಬೇಕಾಗಿಲ್ಲ. ಆ ಪಕ್ಕೆಲುಬಿನ ಪರಿಮಳಕ್ಕೆ ಮೂರು ಬಡಾವಣೆಯ ನಾಯಿಗಳು ಬಂದು ಶಿಸ್ತಾಗಿ ಸಾಲು ನಿಂತಿದ್ದವು. ಹೊರಗಿನವರು ಯಾರೂ ಇರಲಿಲ್ಲ, ಹಾಡುವವರು ಬಾರಿಸುವವರು ಅಷ್ಟೇ. ದಾರ್ದೊ ಎದ್ದು ನಿಂತ.

“‘ಯಾರಾದರೂ ಉಳಿದರೇ’ ಅನ್ನೋ ಸಾಲಾದ್ಮೇಲೆ ನಿಲ್ಲಿಸ್ಬೇಕು,” ಅಂದ.

“ಎಷ್ಟೊತ್ತು?” ನಮ್ಮ ನಿರ್ದೇಶಕ ದೊನ್ ಅತಿಲಿಯೊ ಕೇಳಿದರು. ಅವರು ಕ್ಷೌರಿಕರು. ಕತ್ತರಿ ಹಿಡಿದ ಕೈಯಲ್ಲೇ ಹಾಡಿಸುತ್ತಿದ್ದರು, ಆ ಕೈ ಕಂಡರೆ ನಮಗೆಲ್ಲ ಕಿವಿ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ.

“ಟೋಪಿ ತೆಗೆದು ಎದೆಗಿಟ್ಕೊಳ್ಳೋಷ್ಟು ಹೊತ್ತು. ಯಾರೂ ಉಸಿರು ಬಿಡ್ಬಾರ್ದು. ವಿಲ್ಮಾರ್ ಒಂದೇ ಒಂದು ಏಟು ಹೊಡೀತಾನೆ, ಮೆತ್ತಗೆ. ಆಮೇಲೆ ಟೋಪಿ ಹಾಕ್ಕೊಂಡು ಮುಂದಿನ ಸಾಲು.”

ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುತ್ತಿತ್ತು. ‘ಯಾರಾದರೂ ಉಳಿದರೇ’ ಅಂತ ಕೇಳಿ ಸುಮ್ಮನಾದರೆ ಸೆರ್ರೊದಲ್ಲಿ ಯಾರ ಮನಸ್ಸಿನಲ್ಲಿ ಯಾರು ಬರುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು. ಜೈಲಿನಲ್ಲಿದ್ದ ಗಂಡ, ಸ್ವೀಡನ್ನಿಗೆ ಓಡಿಹೋದ ಮಗಳು, ಎಲ್ಲಿದ್ದಾನೆಂದೇ ತಿಳಿಯದ ತಮ್ಮ. ಕಾಗದದ ಮೇಲೆ ಇದ್ಯಾವುದೂ ಇಲ್ಲ. ಸೀಲು ಒತ್ತುವವನು ಅಕ್ಷರ ಹೊಡೆದುಹಾಕಬಹುದು, ಖಾಲಿ ಜಾಗವನ್ನು ಹೇಗೆ ಹೊಡೆಯುತ್ತಾನೆ?

“ಮೆತ್ತಗೆ ಹೊಡೆಯೋದು ನಿಂಗೆ ಬರುತ್ತೇನೋ ವಿಲ್ಮಾರ್?” ಎಲ್ಬಿಯೊ ಕೆಣಕಿದ. ಬಂದರಿನಲ್ಲಿ ಮೂಟೆ ಹೊರುವವನು, ತಗ್ಗು ದನಿಯವನು.

“ನಾನು ಮೆತ್ತಗೆ ಹೊಡೆದ್ರೆ ಸೊಳ್ಳೆಗೂ ನಿದ್ದೆ ಬರುತ್ತೆ,” ಅಂದೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ರೊಸೆಂದೊ.

ರೊಸೆಂದೊ ನನ್ನ ಕೊಂಪಾದ್ರೆ. ನನ್ನ ಮಗಳು ಮರಿಸೋಲ್‌ಳ ನಾಮಕರಣದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿ ಹಿಡಿದವನು ಅವನೇ. ನಮ್ಮಲ್ಲಿ ಆ ನಂಟು ರಕ್ತಕ್ಕಿಂತ ಒಂದು ಗೇಣು ಮೇಲೆ. ಸಣಕಲ ಆಳು, ಬಸ್ ಕಂಡಕ್ಟರ್, ಎಲ್ಲರೂ ಕರೆಯುತ್ತಿದ್ದದ್ದು ಗುಬ್ಬಿ ಅಂತ. ಹನ್ನೆರಡು ಮಂದಿ ಹಾಡುವ ಧಾಟಿಯ ಮೇಲೆ ಅವನೊಬ್ಬ ಬೇರೆಯದೇ ಧಾಟಿ ಹಿಡಿದು ಎತ್ತರದಲ್ಲಿ ಹಾರುತ್ತಿದ್ದ. ಎಲ್ಲರ ಜೊತೆ ಕೇಳಿದರೆ ಹಾಡಿನ ತಲೆ ಮೇಲೆ ಯಾರೋ ದೀಪ ಇಟ್ಟ ಹಾಗೆ. ಒಂಟಿಯಾಗಿ ಕೇಳಿದರೆ ಅದು ಹಾಡೇ ಅಲ್ಲ, ದಾರ ಕಡಿದ ಗಾಳಿಪಟ. ಅದನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. “ಗುಬ್ಬಿಗೆ ನಾನೇನೂ ಹೇಳಲ್ಲ, ಅದೇ ಕೊಂಬೆ ಹುಡುಕ್ಕೊಳ್ಳುತ್ತೆ,” ಅನ್ನುತ್ತಿದ್ದರು ದೊನ್ ಅತಿಲಿಯೊ. ಅಷ್ಟು ಜನರ ಗಂಟಲಿನ ನಡುವೆ ಆ ಧಾಟಿಯನ್ನು ಬಿಡಿಸಿ ಕೇಳಿದವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಒಂದು ಗೋಡೆ. ದಿನಾ ಬೆಳಗ್ಗೆ ದ್ರಾಕ್ಷಿ ಚಪ್ಪರದ ಕಂಬಕ್ಕೆ ಕನ್ನಡಿ ನೇತುಹಾಕಿ, ಕೆನ್ನೆಗೆ ಸೋಪು ಬಳಿದುಕೊಂಡು, ಅವನು ತನ್ನ ಧಾಟಿಯನ್ನು ಗುನುಗುತ್ತಿದ್ದ. ನಾನು ಈಚೆ ಕೂತು ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿನ ಕಹಿ ಚಹಾ ಹೀರುತ್ತಿದ್ದೆ. ಬುರುಡೆಯನ್ನು ಗೋಡೆ ಮೇಲಿಟ್ಟರೆ ಅವನು ಒಂದು ಗುಟುಕು ಎಳೆದು ವಾಪಸ್ಸು ಇಡುತ್ತಿದ್ದ. ಅವನ ಸೋಪಿನ ನೊರೆ ನನ್ನ ಮಾಟೆಗೆ ಬಿದ್ದು ಬಿದ್ದು ನನ್ನ ಹೊಟ್ಟೆ ಇಡೀ ಲ್ಯಾಟಿನ್ ಅಮೆರಿಕದಲ್ಲೇ ಸ್ವಚ್ಛವಾದ ಹೊಟ್ಟೆಯಾಗಿತ್ತು.

ಆ ವರ್ಷ ಅವನ ಬೂಟು ಹರಿದಿತ್ತು. ನನ್ನ ಮದುವೆ ಬೂಟನ್ನು ಕೊಟ್ಟೆ. ಕಪ್ಪು ಬಿಳುಪು ಚರ್ಮದ್ದು, ಮೂತಿ ಮೊನಚು. ಅದನ್ನು ಹಾಕಿಕೊಂಡು ನಾನು ಟ್ಯಾಂಗೊ ಕುಣಿದಾಗ ಬ್ಯಾಂಡಿನವರು ಬಾರಿಸುವುದು ನಿಲ್ಲಿಸಿ ನೋಡುತ್ತಾ ನಿಂತಿದ್ದರು.

ಮೊದಲ ಪ್ರದರ್ಶನದ ಸಂಜೆ ಲಾರಿಯಲ್ಲಿ ಹೋಗುತ್ತಾ ಆ ಜಾಗವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದೆವು. ‘ಯಾರಾದರೂ ಉಳಿದರೇ?’ ಟೋಪಿ, ಉಸಿರು, ಒಂದು ಏಟು, ಟೋಪಿ. ಲಾರಿಯ ಗದ್ದಲದಲ್ಲೂ ಆ ಮೌನ ಕೇಳಿಸುತ್ತಿತ್ತು. ವೇದಿಕೆಯ ಹಿಂದೆ ಲಾರಿ ನಿಂತಿತು. ಹಿಂಬದಿಯ ಹಲಗೆ ಇಳಿಸಿದವರು ಪೊಲೀಸರು.

“ದಾರ್ದೊ ಅನ್ನೋನು ಯಾರು?”

ದಾರ್ದೊ ತಾನೇ ಇಳಿದ. ಅವನ ಹೆಂಡತಿ ಸುಲ್ಮಾ ನಮ್ಮ ಕೋಟುಗಳನ್ನು ಹೊಲಿದವಳು, ಕೊನೇ ಗುಂಡಿ ಹಾಕಲು ಬಂದವಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಿಂತುಬಿಟ್ಟಳು.

ಪೊಲೀಸಿನವನೊಬ್ಬ ದೊನ್ ಅತಿಲಿಯೊ ತಲೆಯಿಂದ ಟೋಪಿ ತೆಗೆದು, ಮತ್ತೆ ಅವರ ತಲೆಗೇ ಇಟ್ಟು, ಹಿತವಾಗಿ ತಟ್ಟಿದ. “ಹಾಡಿನ ಮಧ್ಯ ಟೋಪಿ ತೆಗೀತೀರಂತೆ ಅಜ್ಜ. ನೆಗಡಿ ಆಗುತ್ತೆ. ಮನೆಗೆ ಹೋಗಿ.”

ಹಾಗಾದರೆ ಹಿತ್ತಲಿನ ಮಾತು ಹೊರಗೆ ಹೋಗಿತ್ತು. ಮಾಂಸ ತಿಂದ ಹದಿನೇಳು ಬಾಯಿಗಳಲ್ಲಿ ಒಂದು ಉಗುಳಿತ್ತು.

ಆ ಸಂಜೆಯೇ ಕ್ಲಬ್ಬಿನಲ್ಲಿ ಸೇರಿದೆವು. ಬಣ್ಣ ತೊಳೆಯುವುದಕ್ಕೂ ಯಾರಿಗೂ ತ್ರಾಣವಿಲ್ಲ. ಹದಿನಾರು ಕೋಡಂಗಿ ಮುಖಗಳು ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದವು. ಮೊದಲು ಬಾಯಿ ಬಿಟ್ಟವನು ಎಲ್ಬಿಯೊ.

“ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ? ನಮ್ಮಲ್ಲಿ ಬಾಗಿಲಿಲ್ಲದ ಬಾಯಿ ಯಾರ್ದು?”

ಎಲ್ಲರೂ ನನ್ನ ಕಡೆ ತಿರುಗಿದರು.

“ನಾನಾ? ಲೋ, ನಾನು ಆಡೋದು ದೊಡ್ಡ ಮಾತು ಕಣೋ, ಚಾಡಿ ಮಾತಲ್ಲ!”

“ಅದೇ ಹೇಳಿದ್ದು. ಯಾವ್ದಾದ್ರೂ ಬಾರಲ್ಲಿ ಕೂತು, ‘ನನ್ನ ಒಂದು ಏಟಿಗೆ ಸರ್ಕಾರ ಬೀಳುತ್ತೆ ನೋಡ್ತಿರು’ ಅಂದಿರ್ತೀಯ.”

ಅಂದಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಬಾಯಿಯ ತುದಿಗೆ ಬಂದಿತ್ತು, ಮಾಟೆಯ ಜೊತೆ ನುಂಗಿಕೊಂಡಿದ್ದೆ. ಇಡೀ ಬದುಕಿನಲ್ಲಿ ನಾನು ನುಂಗಿದ್ದು ಅದೊಂದೇ ಮಾತು. ಅದರಿಂದ ನನಗೆ ಒಂದು ವಾರ ಅಜೀರ್ಣವಾಗಿತ್ತು.

ಆಗ ನನ್ನ ಪರವಾಗಿ ಎದ್ದು ನಿಂತವನು ಒಬ್ಬನೇ, ಗುಬ್ಬಿ.

“ಬಿಟ್ಬಿಡ್ರೋ ಅವನ್ನ,” ಅಂದ. ದನಿ ಒದ್ದೆಯಾಗಿತ್ತು. “ನನ್ನ ಕೊಂಪಾದ್ರೆ ಕೆಟ್ಟೋನಲ್ಲ. ಬೇಕೂಂತ ಹೇಳಿರಲ್ಲ. ಬಾಯಿ ಸೋರುತ್ತೆ ಅಷ್ಟೇ. ಕ್ಷಮಿಸ್ಬಿಡಿ.”

ನನ್ನ ಕಣ್ಣು ತುಂಬಿತು. ಜಗತ್ತಿನಲ್ಲಿ ನನಗೊಬ್ಬನಾದರೂ ಇದ್ದಾನಲ್ಲ ಅಂದುಕೊಂಡೆ. ಅವನ ಮಾತು ಮುಗಿಯುವಷ್ಟರಲ್ಲಿ ನಾನು ಹೇಳಿದ್ದು ಹೌದೋ ಅಲ್ಲವೋ ಅನ್ನುವ ಪ್ರಶ್ನೆಯೇ ಉಳಿದಿರಲಿಲ್ಲ, ಕ್ಷಮಿಸುವುದೋ ಬೇಡವೋ ಅನ್ನುವುದಷ್ಟೇ ಉಳಿದಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಸುಲ್ಮಾ ನನ್ನ ಹತ್ತಿರ ಬಂದಳು. ಬೈಯಲಿಲ್ಲ. ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟು ಕಳಚಿಕೊಂಡು, ಮಡಿಚಿ ಕಂಕುಳಲ್ಲಿಟ್ಟುಕೊಂಡಳು. ದೊನ್ ಅತಿಲಿಯೊ ಡೋಲಿನ ಪಟ್ಟಿಯನ್ನು ನನ್ನ ಹೆಗಲಿಂದ ಇಳಿಸಿದರು. ನಾನು ಬನಿಯನ್ನಿನಲ್ಲಿ, ಮುಖದ ತುಂಬಾ ಬಣ್ಣ ಹೊತ್ತು ಮನೆಗೆ ನಡೆದೆ. ದಾರಿಯಲ್ಲಿ ಒಂದು ಮಗು ನನ್ನನ್ನು ನೋಡಿ ನಕ್ಕಿತು.

ಡೋಲಿಲ್ಲದ ನನ್ನ ಹೆಗಲು ಗಾಳಿಗೆ ಮೇಲೇಳುತ್ತಿತ್ತು. ಹೆಂಡತಿ ನಿಬಿಯಾ ರೊಟ್ಟಿ ತರಲು ಹೋದರೆ ಬೇಕರಿಯವನು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟನಂತೆ. ಸೆರ್ರೊದಲ್ಲಿ ಕಳ್ಳನಾಗಿ ಬದುಕಬಹುದು, ಕುಡುಕನಾಗಿ ಮೆರೆಯಬಹುದು, ಮಿಲಿಟರಿಯವರಿಗೆ ಚಾಡಿ ಹೇಳಿದವನಾಗಿ ಒಂದು ಬ್ರೆಡ್ಡು ಕೊಳ್ಳುವುದಕ್ಕೂ ಆಗುವುದಿಲ್ಲ. ನನಗೆ ನನ್ನ ಡೋಲು ಬೇಕಿತ್ತು. ಡೋಲಿಗಿಂತ ಹೆಚ್ಚಾಗಿ, ಅದನ್ನು ಹೊರುವ ಹೆಸರು ಬೇಕಿತ್ತು.

ಮುರ್ಗಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಪರವಾನಗಿ ಕಚೇರಿಗೆ ಕರೆಸುತ್ತಿದ್ದರು. ನನ್ನ ಸರದಿ ಬಂತು.

ಕ್ಯಾಪ್ಟನ್ನನ ಮೇಜು ಫುಟ್‌ಬಾಲ್ ಮೈದಾನದಷ್ಟಿತ್ತು. ಅದರ ಆಚೆ ತುದಿಯಲ್ಲಿ ಅವನು ಕಾಣಿಸುತ್ತಿದ್ದದ್ದೇ ಕಷ್ಟ. ಗುಂಡು ಮುಖ, ಚೆನ್ನಾಗಿ ಬಾಚಿದ ಕೂದಲು.

“ಗುಡುಗು ಅಂದ್ರೆ ನೀನೇನಾ?”

“ಜನ ಹಾಗಂತಾರೆ ಸಾರ್. ನನಗೆ ಕೇಳಿದ್ರೆ ಗುಡುಗೇ ನನ್ನಿಂದ ಕಲಿತಿದ್ದು.”

ಅವನು ನಕ್ಕ. ಅದೇ ಕಷ್ಟ, ಅವನಿಗೆ ಕಾರ್ನಿವಲ್ ಅಂದರೆ ಪ್ರಾಣ. “ನಾನು ಚಿಕ್ಕಂದಿನಿಂದ ಮುರ್ಗಾ ನೋಡ್ಕೊಂಡೇ ಬೆಳ್ದೋನು ಕಣಯ್ಯಾ. ನಿಮ್ ಬೀಳ್ಕೊಡುಗೆ ಇದ್ಯಲ್ಲ, ಈ ವರ್ಷದ್ದರಲ್ಲೆಲ್ಲ ಅದೇ ಚೆಂದ. ಸುಮ್ನೆ ಹಾಳ್ ಮಾಡ್ಕೊಂಡ್ರಿ,” ಅಂದ. ಕಪಾಟಿನ ಕಡೆ ತಿರುಗಿ ಯಾವುದೋ ಕಾಗದ ಹುಡುಕುತ್ತಾ ಗುನುಗತೊಡಗಿದ.

ಅವನು ಗುನುಗುತ್ತಿದ್ದದ್ದು ನಮ್ಮ ಹಾಡಿನ ಧಾಟಿಯಲ್ಲ. ಅದರ ಮೇಲೆ ಹಾರುವ ಧಾಟಿ. ದಾರ ಕಡಿದ ಗಾಳಿಪಟ. ದ್ರಾಕ್ಷಿ ಚಪ್ಪರ, ಕನ್ನಡಿ, ಸೋಪಿನ ನೊರೆ ಎಲ್ಲ ಆ ಗುನುಗಿನಲ್ಲಿತ್ತು. ‘ಉಳಿದರೇ’ ಬಂದಾಗ ಕ್ಯಾಪ್ಟನ್ ನಿಲ್ಲಿಸಿದ. ಟೋಪಿ ತೆಗೆಯುವಷ್ಟು ಹೊತ್ತು. ಕೈಯಲ್ಲಿದ್ದ ಸೀಲಿನಿಂದ ಕಪಾಟಿಗೆ ಒಂದು ಸಲ ಟಪ್ ಅಂತ ತಟ್ಟಿದ. ಮತ್ತೆ ಗುನುಗಿದ.

ಹಾಡು ಇನ್ನೂ ಯಾವ ವೇದಿಕೆಯನ್ನೂ ಹತ್ತಿರಲಿಲ್ಲ. ಹತ್ತಿದ್ದರೂ ಕೇಳಿದವರು ಹನ್ನೆರಡು ಮಂದಿಯ ಧಾಟಿಯನ್ನು ಕಲಿಯುತ್ತಾರೆ, ತುದಿಯಲ್ಲಿ ಮಿಣುಕುವ ಒಂದನ್ನಲ್ಲ. ಆ ಧಾಟಿ ಕಲಿಯಬೇಕಾದರೆ ಅದನ್ನು ಹಾಡುವವನೇ ಎದುರಿಗೆ ಕೂತು ಒಂಟಿಯಾಗಿ ಹಾಡಿ ತೋರಿಸಿರಬೇಕು. ಇದೇ ಕುರ್ಚಿಯಲ್ಲಿ ಕೂತು.

“ಏನಯ್ಯಾ, ಬೆವರ್ತಿದ್ದೀಯಾ?” ಕ್ಯಾಪ್ಟನ್ ಕೇಳಿದ.

“ಸೆಕೆ ಸಾರ್,” ಅಂದೆ. ಅಷ್ಟು ಚಿಕ್ಕ ಉತ್ತರವನ್ನು ನಾನು ಹುಟ್ಟಿದಾಗಿನಿಂದ ಕೊಟ್ಟಿರಲಿಲ್ಲ.

ಮನೆಗೆ ಬಂದಾಗ ರೊಸೆಂದೊ ಗೋಡೆಯಾಚೆ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಿದ್ದ. ಕಾಲಲ್ಲಿ ನನ್ನ ಬೂಟು.

“ಕ್ಯಾಪ್ಟನ್‌ಗೆ ಚೆನ್ನಾಗಿ ಹಾಡ್ಕೊಟ್ಟಿದ್ದೀಯ,” ಅಂದೆ. “ಅವನು ಇನ್ನೊಂದು ಸ್ವಲ್ಪ ಮೇಲೆ ಎತ್ಬೇಕು. ಕಂಠ ಸಾಲ್ದು.”

ಅವನು ನಾಟಕ ಮಾಡಲಿಲ್ಲ. ಮಾಡಿದ್ದರೆ ಅರ್ಧ ಕ್ಷಮಿಸಿಬಿಡುತ್ತಿದ್ದೆನೋ ಏನೋ. ಕೊಡವನ್ನು ಕೆಳಗಿಟ್ಟ.

“ಒರೆಸ್ತೆಸ್‌ನ ಬಿಡ್ತೀವಿ ಅಂದ್ರು.” ಒರೆಸ್ತೆಸ್ ಅವನ ತಮ್ಮ, ಆರು ವರ್ಷದಿಂದ ಒಳಗಿದ್ದವನು.

“ಬಿಟ್ರಾ?”

“ಒಂದು ಸ್ವೆಟರ್ ತಗೊಂಡ್ರು. ಅವನಿಗೆ ಕೊಡ್ತೀವಿ ಅಂತ.”

“ಒಂದು ಸ್ವೆಟರ್‌ಗೆ ದಾರ್ದೊನ ಕೊಟ್ಯಾ?”

“ನಿಂಗೆ ತಮ್ಮ ಇಲ್ಲ ವಿಲ್ಮಾರ್. ನಿಂಗೇನ್ ಗೊತ್ತು?”

“ನೀನಿದ್ಯಲ್ಲೋ!” ಅಂದೆ. “ಸರಿ, ದಾರ್ದೊನ ತಮ್ಮನಿಗೋಸ್ಕರ ಮಾರ್ದೆ. ನನ್ನ ಯಾಕೋ ಮಾರ್ದೆ? ‘ಬಾಯಿ ಸೋರುತ್ತೆ, ಕ್ಷಮಿಸ್ಬಿಡಿ’ ಅಂತ ಎಲ್ಲರೆದುರು ಕಣ್ಣೀರು ಹಾಕಿದ್ಯಲ್ಲ?”

“ಯಾರ್ ಮೇಲಾದ್ರೂ ಹೋಗ್ಲೇಬೇಕಿತ್ತು. ನಿನ್ ಮೇಲೆ ಸುಲಭ.” ಅವನು ನನ್ನ ಮುಖ ನೋಡಲಿಲ್ಲ, ಗೋಡೆ ಮೇಲಿದ್ದ ಮಾಟೆ ಬುರುಡೆಯನ್ನು ನೋಡುತ್ತಿದ್ದ. “ನೀನು ತಡ್ಕೊಳ್ತೀಯ. ಗೂಳಿನ ಒಂದೇ ಕೈಯಲ್ಲಿ ಎತ್ತಿದ್ದೆ ಅಂತ ನೀನೇ ಹೇಳ್ತಿದ್ಯಲ್ಲ.”

“ಈಗ್ಲೇ ಹೋಗಿ ಎಲ್ಲರಿಗೂ ಹೇಳ್ತೀನಿ.”

“ಹೇಳು,” ಅಂದ. ದನಿಯಲ್ಲಿ ಬೆದರಿಕೆ ಇರಲಿಲ್ಲ. ಆಯಾಸವಿತ್ತು. “ನಿನ್ನ ಮಾತು ಯಾರು ನಂಬ್ತಾರೆ ಕೊಂಪಾದ್ರೆ?”

ಕ್ಲಬ್ಬಿಗೆ ಹೋಗಿ ಹೇಳಿದೆ. ಯೀಸ್ಟ್ ಹಾಕದೆ, ಉಪ್ಪು ಕೂಡ ಹಾಕದೆ, ಹಿಟ್ಟನ್ನೇ ಇಟ್ಟ ಹಾಗೆ ಇಟ್ಟೆ. ಕ್ಯಾಪ್ಟನ್ ಗುನುಗಿದ. ರೊಸೆಂದೊನ ಧಾಟಿ ಗುನುಗಿದ. ಖಾಲಿ ಜಾಗದಲ್ಲಿ ಸೀಲಿನಿಂದ ತಟ್ಟಿದ.

ಎಲ್ಬಿಯೊ ಚಪ್ಪಾಳೆ ತಟ್ಟಿದ. “ವಾಹ್! ಕ್ಯಾಪ್ಟನ್ನು ಹಾಡ್ದ, ಕಪಾಟು ಕುಣೀತು, ಆಮೇಲೆ ಗ್ರೀಕ್ ಹಡಗು ಬಂತಾ?”

“ಹೇಗೆ ಗುನುಗ್ದ? ತೋರ್ಸು,” ಅಂದರು ದೊನ್ ಅತಿಲಿಯೊ.

ದೇವರು ನನಗೆ ಎಲ್ಲವನ್ನೂ ಕೊಟ್ಟು, ಬೇರೆಯವರಿಗೂ ಏನಾದರೂ ಉಳಿಯಲಿ ಅಂತ ಕಂಠವೊಂದನ್ನು ಹಿಡಿದಿಟ್ಟುಕೊಂಡಿದ್ದಾನೆ. ಗುನುಗಿದೆ. ದೊನ್ ಅತಿಲಿಯೊ ಕಣ್ಣು ಮುಚ್ಚಿ ಕೇಳಿದರು. ತಲೆಯಾಡಿಸಿದರು.

“ಇದು ನಮ್ಮ ಹಾಡಲ್ಲ ಮಗನೇ. ತಗಡಿನ ಮೇಲೆ ಬೆಕ್ಕು ಜಾರ್ತಿದೆ.”

“ನಾನೇ ಎದ್ದು ಅವನ ಪರ ಮಾತಾಡ್ದೆ,” ಅಂದ ಹಿಂದಿನಿಂದ ಒಂದು ತೆಳು ದನಿ. ರೊಸೆಂದೊ ಯಾವಾಗ ಬಂದನೋ. “ಈಗ ನನ್ ಮೇಲೇ ಹಾಕ್ತಿದ್ದಾನೆ. ಹೋಗ್ಲಿ ಬಿಡಿ, ನೊಂದಿದ್ದಾನೆ.”

ಸುಲ್ಮಾ ಎದ್ದು ಬಾಗಿಲು ತೆರೆದಳು. ನನಗೆ.

ಎರಡು ವಾರದ ಮೇಲೆ ಮುರ್ಗಾಕ್ಕೆ ಪರವಾನಗಿ ವಾಪಸ್ಸು ಸಿಕ್ಕಿತು. ದಾರ್ದೊ ಮಾತ್ರ ವಾಪಸ್ಸು ಬರಲಿಲ್ಲ. ಷರತ್ತು ಒಂದೇ: ಬೀಳ್ಕೊಡುಗೆ ಹಾಡನ್ನು ಎಲ್ಲೂ ನಿಲ್ಲಿಸದೆ ಹಾಡಬೇಕು, ಟೋಪಿ ತಲೆಯ ಮೇಲೇ ಇರಬೇಕು. ನನ್ನ ಡೋಲನ್ನು ದೊನ್ ಅತಿಲಿಯೊ ಅವರ ಭಾವಮೈದುನನಿಗೆ ಕೊಟ್ಟಿದ್ದರು. ಅವನು ಬಾರಿಸಿದರೆ ಹಾಸಿಗೆ ಕೊಡವಿದ ಹಾಗೆ ಕೇಳುತ್ತಿತ್ತು.

ಸೆರ್ರೊದ ನಮ್ಮದೇ ಚೌಕದಲ್ಲಿ ಪ್ರದರ್ಶನ. ಬಡಾವಣೆಯವರೆಲ್ಲ ಕುರ್ಚಿ ಹೊತ್ತು ತಂದಿದ್ದರು. ನಾನು ಸಂಜೆ ಬೆಳಕಿರುವಾಗಲೇ ಹೋದೆ. ಕುರ್ಚಿಗಳ ಕಡೆಗಲ್ಲ, ವೇದಿಕೆಯ ಅಡಿಗೆ. ಖಾಲಿ ಎಣ್ಣೆ ಪೀಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಹಲಗೆ ಹಾಸಿದ್ದರು. ಕಟ್ಟಿದವರಿಗೆ ಅದು ವೇದಿಕೆ, ನನ್ನ ಕಣ್ಣಿಗೆ ಅದು ಇಪ್ಪತ್ತು ಡೋಲು. ನನ್ನಂಥ ದೇಹವನ್ನು ಆ ಸಂದಿಯಲ್ಲಿ ತೂರಿಸುವುದಕ್ಕೆ ಮೂರು ಸಲ ಪ್ರಾಣ ಬಿಟ್ಟು ಮೂರು ಸಲ ವಾಪಸ್ಸು ತೆಗೆದುಕೊಂಡೆ.

ಹಲಗೆಯ ಬಿರುಕಿನಿಂದ ಬೂಟುಗಳಷ್ಟೇ ಕಾಣುತ್ತಿದ್ದವು. ಎಲ್ಬಿಯೊನ ಬಂದರು ಬೂಟು, ದೊನ್ ಅತಿಲಿಯೊ ಅವರ ಮೆತ್ತನೆ ಚಪ್ಪಲಿ. ಬಲತುದಿಯಿಂದ ಮೂರನೆಯದು ಕಪ್ಪು ಬಿಳುಪು, ಮೂತಿ ಮೊನಚು. ಚೆನ್ನಾಗಿ ಪಾಲಿಶ್ ಮಾಡಿದ್ದ.

ಬೀಳ್ಕೊಡುಗೆ ಶುರುವಾಯಿತು. ಬಡಗಿ ಹತ್ತಿದ, ಬೇಕರಿಯವ ಹತ್ತಿದ. ಹಾಸಿಗೆ ಕೊಡವುವ ಸದ್ದು ಜೊತೆಗೆ ನಡೆದಿತ್ತು. ನಾನು ಮುಷ್ಟಿಗೆ ಅಂಗಿ ಸುತ್ತಿಕೊಂಡೆ.

*ನೋಡಿ ಗೆಳೆಯರೇ, ಯಾರಾದರೂ ಉಳಿದರೇ?*

ಒಂದೇ ಒಂದು ಏಟು. ಮೆತ್ತಗೆ.

ಪೀಪಾಯಿ ಗುಂಯ್ ಅಂದಿತು. ಅದು ಹಲಗೆಗೆ ಹತ್ತಿ, ಹಲಗೆಯಿಂದ ಬೂಟಿಗೆ, ಬೂಟಿನಿಂದ ಮೊಣಕಾಲಿಗೆ ಹತ್ತಿತು. ಲಾರಿಯಲ್ಲಿ ಮತ್ತೆ ಮತ್ತೆ ಮಾಡಿದ ಅಭ್ಯಾಸ ಮೈಯೊಳಗೇ ಕೂತಿತ್ತು. ಯಾರೂ ಯೋಚಿಸಿ ಮಾಡಿದ್ದಲ್ಲ. ಹಾಡು ನಿಂತಿತು. ಟೋಪಿಗಳ ಗೆಜ್ಜೆ ಒಟ್ಟಿಗೆ ಘಲ್ ಅಂದವು. ಹೊರಗೆ ಕುರ್ಚಿಗಳು ಕಿರ್ರೆಂದವು, ಜನ ಎದ್ದು ನಿಲ್ಲುತ್ತಿದ್ದರು. ಯಾರೋ ಹೆಂಗಸು ಒಂದು ಹೆಸರು ಹೇಳಿದಳು. ಇನ್ನೊಬ್ಬಳು ಇನ್ನೊಂದು.

ಆ ಮೌನದ ಮೇಲೆ ಒಂದು ದನಿ ಮಾತ್ರ ಹಾಡುತ್ತಲೇ ಇತ್ತು.

ನಿಲ್ಲಿಸಬಾರದು ಅಂತ ಅಪ್ಪಣೆಯಾಗಿತ್ತಲ್ಲ, ಪೊಲೀಸರು ಮುಂದಿನ ಸಾಲಲ್ಲೇ ಕೂತಿದ್ದರಲ್ಲ. ಹೆದರಿದವನು ನಿಲ್ಲಿಸುವುದು ಹೇಗೆ? ಅವನು ಹಾಡಿದ. ಹನ್ನೆರಡು ಮಂದಿಯ ಗಂಟಲು ಅಡಗಿದ ಮೇಲೆ, ಎತ್ತರದಲ್ಲಿ, ಒಂಟಿಯಾಗಿ, ದಾರ ಕಡಿದ ಗಾಳಿಪಟ. ಮುರ್ಗಾದವರು ಇಷ್ಟು ವರ್ಷದಲ್ಲಿ ಅದನ್ನು ಬಿಡಿಯಾಗಿ ಕೇಳಿದ್ದು ಅದೇ ಮೊದಲು. ಅಲ್ಲ, ಎರಡನೇ ಸಲ. ಮೊದಲ ಸಲ ಅದು ನನ್ನ ಗಂಟಲಲ್ಲಿ ತಗಡಿನ ಮೇಲೆ ಜಾರಿದ ಬೆಕ್ಕಾಗಿತ್ತು.

ದೊನ್ ಅತಿಲಿಯೊ ಅವರ ಚಪ್ಪಲಿ ನಿಧಾನವಾಗಿ ಬಲಕ್ಕೆ ತಿರುಗಿತು. ದನಿ ಅರ್ಧ ಶಬ್ದದಲ್ಲಿ ತುಂಡಾಯಿತು.

ಆಮೇಲೆ ಬೂಟುಗಳು ಸರಿದವು. ಯಾರೂ ಕೂಗಲಿಲ್ಲ. ಎಲ್ಬಿಯೊನ ಬೂಟು ಎಡಕ್ಕೆ ಒಂದು ಹೆಜ್ಜೆ, ಈ ಕಡೆಯವನ ಬೂಟು ಬಲಕ್ಕೆ ಒಂದು ಹೆಜ್ಜೆ. ನಡುವೆ ನನ್ನ ಮದುವೆಯ ಬೂಟುಗಳು ಎರಡೇ ಉಳಿದವು. ಅವುಗಳ ಸುತ್ತ ಹಲಗೆ ಬರಿದಾಯಿತು.

ಮುರ್ಗಾದ ಪರವಾನಗಿ ಆ ಸಂಜೆಗೇ ಮುಗಿಯಿತು. ದೊನ್ ಅತಿಲಿಯೊ ಅವರನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿಕೊಂಡು ಬಿಟ್ಟುಕಳಿಸಿದರು. ಏಟು ಹೊಡೆದವರು ಯಾರೆಂದು ಕೇಳಿದ್ದಕ್ಕೆ, “ಹಲಗೆ ಹಳೇವು ಸಾರ್, ಸೆಕೆಗೆ ಲಟಕ್ ಅಂತಾವೆ,” ಅಂದರಂತೆ. ಅವರು ಹೊರಗೆ ಬಂದ ದಿನ ಸುಲ್ಮಾ ನನ್ನ ಬಾಗಿಲಿಗೆ ಬಂದಳು. ಬೆನ್ನಿಗೆ ಡೋಲು ಕಟ್ಟಿಕೊಂಡು ಬೆಟ್ಟ ಹತ್ತಿ ಬಂದಿದ್ದಳು, ಅದರ ಮೇಲೆ ಮಡಿಚಿದ ನನ್ನ ಕೋಟು.

“ಗುಂಡಿ ಗಟ್ಟಿ ಮಾಡಿದ್ದೀನಿ,” ಅಂದಳು. ಸ್ವಲ್ಪ ಹೊತ್ತು ನಿಂತಳು. “ಭೇಟಿಗೆ ಬಿಟ್ರೆ ದಾರ್ದೊಗೆ ಹೇಳ್ತೀನಿ, ಏಟು ಬಿತ್ತು ಅಂತ. ಅವನು ಕೇಳ್ತಾನೆ, ಮೆತ್ತಗೆ ಹೊಡೆದ್ನಾ ಅಂತ.”

“ಸೊಳ್ಳೆಗೂ ನಿದ್ದೆ ಬಂತು ಅಂತ ಹೇಳಮ್ಮಾ,” ಅಂದೆ. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಈಗ ಬೇಕರಿಯವನು ಚಿಲ್ಲರೆಯನ್ನು ನಿಬಿಯಾಳ ಕೈಗೇ ಕೊಡುತ್ತಾನೆ, ಮೇಲೆ ಒಂದು ಬನ್ನು ಬೇರೆ. ಎಲ್ಬಿಯೊ ವೈನು ತಂದುಕೊಟ್ಟ. ದೊಡ್ಡ ದೊಡ್ಡ ಮಾತಾಡು ಅಂತ ಎಲ್ಲರೂ ನನ್ನನ್ನು ಹುರಿದುಂಬಿಸುತ್ತಾರೆ, ಏನೋ ಸಾಲ ತೀರಿಸುವವರ ಹಾಗೆ. ಮಾತಾಡುತ್ತೇನೆ. ಗ್ರೀಕ್ ಹಡಗು ಈಗ ಎರಡಾಗಿವೆ.

ಬೆಳಗ್ಗೆ ಮಾತ್ರ ಹಿತ್ತಲಲ್ಲಿ ಮಾಟೆ ಹಿಡಿದು ಕೂರುತ್ತೇನೆ. ಗೋಡೆಯಾಚೆ ನೀರು ಚೆಲ್ಲುವ ಸದ್ದು. ಬ್ಲೇಡು ಕೆನ್ನೆ ಮೇಲೆ ಕರಕರ ಎಳೆಯುವ ಸದ್ದು. ಬೇರೇನೂ ಇಲ್ಲ. ಒಂದು ದಿನ ಗೋಡೆ ಮೇಲೆ ನನ್ನ ಬೂಟುಗಳಿದ್ದವು, ಪಾಲಿಶ್ ಮಾಡಿ, ಲಾಡಿ ಕಟ್ಟಿ. ನಾನು ತೆಗೆದುಕೊಳ್ಳಲಿಲ್ಲ. ಅವನೂ ವಾಪಸ್ಸು ಒಯ್ಯಲಿಲ್ಲ. ಈಗಲೂ ಅಲ್ಲೇ ಇವೆ, ಬಿಸಿಲಿಗೆ ಬಾಯಿ ಬಿಟ್ಟುಕೊಂಡು.

“ಯಾಕ್ರೀ, ಮಾತಿಲ್ಲ ಕಥೆಯಿಲ್ಲ, ಹುಷಾರಿಲ್ವಾ?” ನಿಬಿಯಾ ಅಡುಗೆಮನೆಯಿಂದ ಕೇಳುತ್ತಾಳೆ.

ಬುರುಡೆ ಗೋಡೆಯ ತನಕ ಹೋಗುತ್ತದೆ, ಕೈ ಅಭ್ಯಾಸಕ್ಕೆ ಎತ್ತಿಬಿಟ್ಟಿರುತ್ತದೆ. ಮತ್ತೆ ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ.